ಗರಗಸದ ಎದುರು ಕೈ

ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಗೆ ಎದುರಾಗಿ ಒಂದು ಖಾಲಿ ಸೈಟಿತ್ತು. ಹೋದ ತಿಂಗಳು ಅಲ್ಲಿಗೆ ಬಾಗಿಲು ಕಿಟಕಿ ಮಾಡುವವರು ಬಂದು, ತಗಡಿನ ಚಪ್ಪರ ಎಬ್ಬಿಸಿ, ಒಂದು ಬ್ಯಾಂಡ್ ಸಾ ಹೂಡಿಕೊಂಡರು. ಅಂದಿನಿಂದ ನಮ್ಮ ಮನೆಯ ಸಾರು ಮೇಲಿಂದ ಮೇಲೆ ತಳ ಹಿಡಿಯುತ್ತಿದೆ.

ಬ್ಯಾಂಡ್ ಸಾ ನೋಡಿಲ್ಲದವರಿಗೆ ಹೇಳುತ್ತೇನೆ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿನ ಬ್ಲೇಡು, ನಡುವೆ ಒಂದು ಮೇಜು. ಹೊಲಿಗೆ ಮಿಷನ್ನಿಗೆ ಬಟ್ಟೆ ಕೊಟ್ಟ ಹಾಗೆ ನಾವು ಹಲಗೆ ಕೊಡುತ್ತ ಹೋದರೆ ಅದು ಕೊಯ್ಯುತ್ತ ಹೋಗುತ್ತದೆ. ನೋಡುವುದಕ್ಕೆ ಇಷ್ಟೇ. ಆದರೆ ನೇರವಾಗಿ ಕೊಯ್ಯುವಾಗ ಅದರ ಸದ್ದು ಒಂದೇ ಮಟ್ಟದಲ್ಲಿ ಸಾಗುತ್ತದೆ, ಗೆರೆ ತಪ್ಪಿದ ಕೂಡಲೇ ನೆಗಡಿಯಾದವರ ದನಿಯ ಹಾಗೆ ದಪ್ಪಗಾಗುತ್ತದೆ. ಎದುರಿನ ಚಪ್ಪರದಿಂದ ಆ ದಪ್ಪ ದನಿ ಬಂದಾಗಲೆಲ್ಲ ನಾನು ಸೌಟು ಹಿಡಿದುಕೊಂಡೇ ಕಿಟಕಿಗೆ ಹೋಗಿ "ಸೊಟ್ಟ ಹೋಯ್ತು" ಎನ್ನುತ್ತೇನೆ.

ನನ್ನ ಯಜಮಾನರು ಗದಗಿನ ಕಡೆಯವರು, ಇಲ್ಲಿ ಮದ್ರಾಸಿನಲ್ಲಿ ರೈಲ್ವೆಯಲ್ಲಿದ್ದಾರೆ. ಪೇಪರಿನಿಂದ ತಲೆ ಎತ್ತದೆ, "ನೀ ಇನ್ಶೂರೆನ್ಸ್ ಆಫೀಸಿನಾಕಿ. ಅವರ ಕಟ್ಟಿಗಿ ಸೊಟ್ಟರ ಹೋಗ್ಲಿ, ನೆಟ್ಟಗರ ಹೋಗ್ಲಿ, ನಿನಗ್ಯಾಕ ಬೇಕ ಆ ಉಸಾಬರಿ?" ಅನ್ನುತ್ತಾರೆ. ಮಗಳು ಹೋಮ್‌ವರ್ಕ್ ಬಿಟ್ಟು ಏಳದೆ ತಮಿಳಿನಲ್ಲಿ ಎಚ್ಚರಿಸುತ್ತಾಳೆ: "ಕೊಳಂಬು ತೀಯುದು ಮಾ." ಸಾರು ಸೀಯುತ್ತಿದೆ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಸಾರು ಯಾವ ಭಾಷೆಯಲ್ಲಿ ಸೀದರೂ ವಾಸನೆ ಒಂದೇ ಎಂದು ನಾನು ಓಡಿಹೋಗಿ ಒಲೆ ಆರಿಸುತ್ತೇನೆ. ನನಗ್ಯಾಕೆ ಎಂಬುದನ್ನು ಹೇಳಬೇಕಾದರೆ ಕ್ರೋಂಪೇಟೆಯ ಆ ಸಂದಿಯಿಂದ ಶುರು ಮಾಡಬೇಕು.

ಸ್ಟೇಷನ್ನಿನ ಹಿಂದುಗಡೆ, ಒಂದು ಸಂದಿಯ ಕೊನೆಯಲ್ಲಿ ಅಪ್ಪನ ಮರ ಕೊಯ್ಯುವ ಅಂಗಡಿ ಇತ್ತು. ಗಾಳಿ ಒಂದು ಕಡೆಯಿಂದ ಬೀಸಿದರೆ ಚರ್ಮ ಹದ ಮಾಡುವ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ಹಲಸಿನ ಮರದ ಹೊಟ್ಟಿನ ಸಿಹಿ ವಾಸನೆ. ಎರಡನೆಯದು ಬಂದ ದಿನ ಅವ್ವ ಹೊರಗೆ ಬಟ್ಟೆ ಒಣಗಿ ಹಾಕುತ್ತಿದ್ದಳು. ಅಪ್ಪ ಕೊಳ್ಳೇಗಾಲದ ಕಡೆಯವನು. ಮರದ ಲಾರಿಯಲ್ಲಿ ಲೋಡು ಇಳಿಸಲು ಬಂದವನು ಲಾರಿ ವಾಪಸು ಹೋದರೂ ಹೋಗಲಿಲ್ಲ. ಯಾವುದೋ ಮಿಲ್ಲು ಮುಚ್ಚಿದಾಗ ಈ ಹಳೆಯ ಮಿಷನ್ನು ತಂದು ನಿಲ್ಲಿಸಿಕೊಂಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಮಾತಿನಲ್ಲಿ ಯಾರಿಗೂ ಸೋತವನಲ್ಲ. ಹಲಗೆ ನೇರವಾಗಿ ಬಂದರೆ ತನ್ನ ಕೈ ಎನ್ನುತ್ತಿದ್ದ. ಸೊಟ್ಟ ಬಂದರೆ ಕಾರಣ ಬೇರೆ ಎಲ್ಲಿಯೋ ಇರುತ್ತಿತ್ತು: ವೋಲ್ಟೇಜು, ಹಸಿ ಮರ, ಚರ್ಮದ ಕಡೆಯ ಗಾಳಿ, ಇಲ್ಲವೆ ಎದುರು ಮನೆಯವರ ಕಣ್ಣು. ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ಅವ್ವ ಮದುವೆಯಾದ ಮೇಲೆ ಕಂಡಿರಲಿಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು, ಅವನೆದುರಿಗೇ.

ದೊಡ್ಡ ಹಲಗೆ ಕೊಯ್ಯುವುದಕ್ಕೆ ಇಬ್ಬರು ಬೇಕು. ಒಬ್ಬರು ಈಚೆಯಿಂದ ಕೊಡುವುದು, ಇನ್ನೊಬ್ಬರು ಆಚೆಯಿಂದ ಈಸಿಕೊಳ್ಳುವುದು. ಅಪ್ಪನ ಭಾಷೆಯಲ್ಲಿ ಮುಂದಿನ ಕೈ, ಎದುರು ಕೈ. ದಿನಾ ಸಂಜೆ ಕಾಲೇಜಿನಿಂದ ಬಂದ ಮೇಲೆ ನಾನೇ ಎದುರು ಕೈ. ಎದುರು ಕೈಗೆ ಇರುವುದು ಒಂದೇ ನಿಯಮ, ಎಳೆಯಬಾರದು. ಹಲಗೆ ಬಂದಷ್ಟೇ ಈಸಿಕೊಳ್ಳಬೇಕು, ಭಾರ ಹೊರಬೇಕು, ಅಷ್ಟೇ. ಎಳೆದರೆ ಬ್ಲೇಡು ತಾನು ತಿನ್ನುವುದಕ್ಕಿಂತ ಹೆಚ್ಚು ತಿನ್ನಬೇಕಾಗುತ್ತದೆ, ಆಗದೆ ಪಕ್ಕಕ್ಕೆ ಹೊಟ್ಟೆ ಬಿಡುತ್ತದೆ, ಗೆರೆ ಬಾಗುತ್ತದೆ. ಕೇಳುವುದಕ್ಕೆ ಸುಲಭ. ಮಾಡಿ ನೋಡಿ. ನಿಮ್ಮ ಕಡೆಗೆ ಬರುತ್ತಿರುವ ವಸ್ತುವನ್ನು ಎಳೆದುಕೊಳ್ಳದೆ ಇರುವುದು ಮನುಷ್ಯನ ಕೈಗೆ ಬಹಳ ಕಷ್ಟ. "ಎಳಿಬ್ಯಾಡ ಕನಾ ಕೂಸೇ. ಬಂದದ್ನ ಈಸ್ಕೊ" ಎಂದು ಅಪ್ಪ ಆಚೆಯಿಂದ ಹೇಳುತ್ತಿದ್ದ. ಕೆಲವು ವಾರಕ್ಕೆ ನನ್ನ ಕೈ ಕಲಿಯಿತು. ಕಾಸ್ಟ್ ಅಕೌಂಟ್ಸ್ ಮಾತ್ರ ಕಲಿಯಲಿಲ್ಲ, ಅದನ್ನು ಇನ್ನೊಂದು ಸಲ ಕೂತು ಬರೆಯಬೇಕಾಯಿತು. ಮರದ ರಾಶಿಯ ಮೇಲೆ ಕೂತು ಓದಿದ್ದರಿಂದಲೋ ಏನೋ, ನನ್ನ ಪುಸ್ತಕಗಳ ಹಾಳೆ ತಿರುವಿದರೆ ಹೊಟ್ಟು ಉದುರುತ್ತಿತ್ತು. ಗೆಳತಿಯರು ನನ್ನಿಂದ ನೋಟ್ಸು ಈಸಿಕೊಂಡು ಹೋಗಿ ಸೀನುತ್ತ ವಾಪಸು ಕೊಡುತ್ತಿದ್ದರು.

ಹೊಸ ಬ್ಲೇಡು ಹಾಕಿದ ದಿನ ಇನ್ನೊಂದು ಶಾಸ್ತ್ರವಿರುತ್ತಿತ್ತು. ಪ್ರತಿ ಬ್ಲೇಡಿಗೂ ಒಂದೊಂದು ವಾಲು ಇರುತ್ತದೆ. ಒಂದು ತುಸು ಎಡಕ್ಕೆ ಹೋಗಬೇಕೆನ್ನುತ್ತದೆ, ಇನ್ನೊಂದು ಬಲಕ್ಕೆ. ಅದನ್ನು ತಿಳಿಯದೆ ಹಲಗೆ ಒರಗಿಸುವ ಪಟ್ಟಿಯನ್ನು ನಮ್ಮ ಲೆಕ್ಕಕ್ಕೆ ನೆಟ್ಟಗೆ ಬಿಗಿದರೆ ಬ್ಲೇಡಿಗೂ ಪಟ್ಟಿಗೂ ಜಗಳ, ಕೊಯ್ತ ಸೊಟ್ಟ. ಮದ್ರಾಸಿನಲ್ಲಿ ಯಾರಾದರೂ ಕನ್ನಡ ಮಾತಾಡುವುದು ಕಿವಿಗೆ ಬಿದ್ದರೆ ಅಪ್ಪ ಬಸ್ಸು ತಪ್ಪಿದರೂ ಸರಿ, "ನಿಮ್ದು ಯಾವ ಕಡೆ?" ಎಂದು ಕೇಳಿಯೇ ಮುಂದಕ್ಕೆ ಹೋಗುತ್ತಿದ್ದ. ಬ್ಲೇಡಿಗೂ ಅದೇ ಮರ್ಯಾದೆ. "ಯಾವ ಕಡ್ಯವ್ವ ನಿಂದು?" ಎಂದು ಕೇಳಿ, ಒಂದು ಗುಜರಿ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಪಟ್ಟಿಯ ಆಸರೆಯಿಲ್ಲದೆ ಬರಿಗೈಯಲ್ಲೇ ಗೆರೆ ಹಿಡಿದು ಅರ್ಧದವರೆಗೆ ಕೊಯ್ಯುತ್ತಿದ್ದ. ಅಲ್ಲಿಗೆ ಮಿಷನ್ನು ನಿಲ್ಲಿಸಿ, ಹಲಗೆಯನ್ನು ಅಲುಗಿಸದೆ ಅದರ ಅಂಚಿನಗುಂಟ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಹಾಕುವುದು ನನ್ನ ಕೆಲಸ. ಆ ಗೆರೆ ಯಾವ ಓರೆಯಲ್ಲಿದೆಯೋ ಪಟ್ಟಿಯನ್ನೂ ಅದೇ ಓರೆಯಲ್ಲಿ ಬಿಗಿದರೆ ಆಮೇಲೆ ಕೊಯ್ದದ್ದೆಲ್ಲ ನೇರ. ಪಟ್ಟಿ ಓರೆಯಾಗಿರುವುದನ್ನು ಕಂಡ ಗಿರಾಕಿಗಳು ಗಾಬರಿಯಾಗುತ್ತಿದ್ದರು. ಅಪ್ಪನಿಗೆ ಆ ಗಾಬರಿ ನೋಡುವುದೇ ಒಂದು ಸುಖ.

ಈ ಅಪ್ಪನೇ ವರ್ಷಕ್ಕೊಮ್ಮೆ ಸೋಲುತ್ತಿದ್ದ. ಆಯುಧಪೂಜೆಯ ಮಾರನೆಯ ದಿನ. ಪೂಜೆಯ ದಿನ ಮಿಷನ್ನಿನ ಮೈ ತೊಳೆದು, ಅಪ್ಪ ಚಕ್ರಗಳಿಗೆ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದ. ಅಂಗಡಿಯಲ್ಲಿ ಲೋಡು ಇಳಿಸುತ್ತಿದ್ದ ಸೆಲ್ವಂಗೆ ಅಷ್ಟಕ್ಕೆ ತೃಪ್ತಿಯಿಲ್ಲ, ಅವನು ಅದರ ಮೇಲೆ ಗಂಧ ಬಳಿದು, ಕುಂಕುಮದ ಬೊಟ್ಟಿಟ್ಟು, ಬ್ಲೇಡು ಕೂತು ಓಡುವ ಚಕ್ರದ ರಬ್ಬರಿನ ಮೇಲೂ ಸಾಲಾಗಿ ಬೊಟ್ಟು ಹಾಕಿಕೊಂಡು ಹೋಗುತ್ತಿದ್ದ. ಮಾರನೆಯ ದಿನ ಏನು ಕೊಯ್ದರೂ ಸೊಟ್ಟ. ಒಂದು ದಿನ ರಜ ಕೊಟ್ಟದ್ದಕ್ಕೆ ಮಿಷನ್ನಿಗೆ ಸೋಮಾರಿತನ ಹತ್ತಿದೆ ಎಂದು ಅಪ್ಪ, ದೃಷ್ಟಿ ಎಂದು ಸೆಲ್ವಂ. ಎಷ್ಟೋ ವರ್ಷ ಹೀಗೇ ನಡೆಯಿತು. ನಾನು ಪಕ್ಕದಲ್ಲೇ ಇದ್ದೆ, ಕಾಲೇಜಿಗೂ ಹೋಗುತ್ತಿದ್ದೆ, ನನಗೂ ಹೊಳೆಯಲಿಲ್ಲ. ಒಂದು ಸಲ ಮಧ್ಯಾಹ್ನದ ಊಟ ತಂದ ಅವ್ವ ಬುತ್ತಿ ಇಳಿಸುತ್ತ ಚಕ್ರದ ಕಡೆ ನೋಡಿದಳು. ಒಣಗಿದ ಗಂಧ ಗುಬುಟು ಗುಬುಟಾಗಿ ರಬ್ಬರಿಗೆ ಅಂಟಿಕೊಂಡಿತ್ತು. "ಮೊಖಕ್ಕ ಗಂಧ ಇಟ್ರ ಸರಿ. ಕಾಲ್ನಡಿಗೂ ಬಳುದ್ರ ಜಾರ್ದೆ ಇನ್ನೇನ್ ಮಾಡಾದು ಅದು?" ಎಂದಳು. ಅಪ್ಪ ಮೊಸರನ್ನ ಚೆನ್ನಾಗಿದೆ ಎಂದ. ಮುಂದಿನ ವರ್ಷ ಚಕ್ರಕ್ಕೆ ಏನೂ ಹಚ್ಚಬೇಡ ಎಂದು ಸೆಲ್ವಂಗೆ ತಾನೇ ಅಪ್ಪಣೆ ಮಾಡಿದ. ಕಾರಣ ಕೇಳಿದ್ದಕ್ಕೆ, ಗಂಧ ತಂಪು, ರಬ್ಬರಿಗೆ ಶೀತ ಆಗುತ್ತದೆ ಎಂದ.

ನಾನು ಎದುರು ಕೈಯಾಗಿದ್ದ ಅಷ್ಟೂ ದಿನ ನನಗಿದ್ದದ್ದು ಒಂದೇ ಆಸೆ. ಒಂದು ಸಲ ಮುಂದೆ ನಿಂತು ಕೊಯ್ಯಬೇಕು, ಅಪ್ಪ ಎದುರಿಗೆ ನಿಂತು ಈಸಿಕೊಳ್ಳಬೇಕು. ಕೇಳಿದಾಗಲೆಲ್ಲ ಅಪ್ಪ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದ. ಪರೀಕ್ಷೆ ಮುಗಿಯಿತು, ಕಾಸ್ಟ್ ಅಕೌಂಟ್ಸೂ ಎರಡನೆಯ ಏಟಿಗೆ ಬಿತ್ತು. ನಮ್ಮ ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ನಾನು ಈಗಲೂ ಯಾರೂ ಕೇಳದಿದ್ದರೂ ಹೇಳುತ್ತೇನೆ, ನಾಚಿಕೆಯಿಲ್ಲ. ಹೆಣ್ಣಿಗೆ ಓದು ಯಾಕೆ ಎಂದ ನೆಂಟರ ಬಾಯಿಗೆಲ್ಲ ಅಪ್ಪ ಒಬ್ಬನೇ ಅಡ್ಡ ನಿಂತಿದ್ದ. ಫಲಿತಾಂಶ ಬಂದ ವಾರ ಅವನು ಬೋರ್ಡು ಬರೆಯುವವನನ್ನು ಕರೆಸಿ, ಅಂಗಡಿಯ ಹೆಸರಿನ ಕೆಳಗೆ ನನ್ನ ಹೆಸರು, ಮುಂದೆ ಬಿ.ಕಾಂ. ಎಂದು ಬರೆಸಿದ. ಮರ ಕೊಯ್ಯುವುದಕ್ಕೆ ಬಿ.ಕಾಂ. ಯಾಕಯ್ಯಾ ಎಂದು ಬೋರ್ಡಿನವನು ತಮಿಳಿನಲ್ಲಿ ಕೇಳಿದ. ಡಾಕ್ಟರು ಬೋರ್ಡಿಗೆ ಹಾಕಿಕೊಳ್ಳುವುದಿಲ್ಲವಾ, ನೀನು ಬರಿ ಎಂದ ಅಪ್ಪ.

ಬಣ್ಣ ಒಣಗುವ ಮೊದಲೇ ನನಗೆ ತೀರ್ಪು ಬಂತು. "ಬೋರ್ಡಲ್ಲಿ ನಿನ್ನೆಸ್ರು ಅದ ಕೂಸೇ. ಇನ್ಮೇಲ ಕೈಗ ಹೊಟ್ಟು ಬ್ಯಾಡ." ಅದನ್ನು ಅವನು ಉಡುಗೊರೆಯ ಹಾಗೆ ಹೇಳಿದ. ತಾನು ಕೊಡಬಹುದಾದ ದೊಡ್ಡ ಉಡುಗೊರೆ ಎಂದೇ ಅವನ ಭಾವನೆ. ಆ ಮುಖ ನೋಡಿ ಬೇಡ ಎನ್ನುವುದು ಹೇಗೆ?

ಪ್ಯಾರೀಸ್ ಕಾರ್ನರಿನ ಹತ್ತಿರ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಬೋರ್ಡಿನ ಮುಂದೆ ತುಸು ನಿಧಾನವಾಗಿಯೇ ನಡೆದು, ಲೋಕಲ್ ಟ್ರೈನು ಹತ್ತುತ್ತಿದ್ದೆ. ಫ್ಯಾನಿನ ಕೆಳಗಿನ ಕುರ್ಚಿ, ಟೀ ತಂದುಕೊಡುವವರು, ಮೇಡಂ ಅನ್ನುವವರು, ಎಲ್ಲ ಇಷ್ಟವೇ ಆಯಿತು. ಸಂಜೆ ಮಾತ್ರ ಸ್ಟೇಷನ್ನಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಸದ್ದು ಕೇಳುತ್ತಿತ್ತು, ಕಾಲು ತಾನಾಗಿ ನಿಲ್ಲುತ್ತಿತ್ತು. ನನ್ನ ಜಾಗಕ್ಕೆ ಸೆಲ್ವಂ ಬಂದಿದ್ದ. ಅವನು ಎಳೆಯುತ್ತಿದ್ದ. ಅಪ್ಪ "ಇಳುಕ್ಕಾದಡಾ" ಎಂದು ಕೂಗುವುದು, ಎಳೀಬೇಡವೋ ಎಂದು, ಸಂದಿಯ ಬಾಯಿಗೇ ಕೇಳುತ್ತಿತ್ತು. ನಾನು ಎಳೆಯುತ್ತಿಲ್ಲ ಅಯ್ಯಾ, ಅದೇ ಬರುತ್ತಿದೆ ಎಂದು ಸೆಲ್ವಂನ ವಾದ. ಊಟದ ಹೊತ್ತಿನಲ್ಲಿ ಅಪ್ಪ ಅದನ್ನೇ ಹೇಳಿಕೊಂಡು ಬೇಜಾರು ಮಾಡಿಕೊಳ್ಳುತ್ತಿದ್ದ. ಒಂದು ದಿನ ತಡೆಯಲಾರದೆ, ರಜದ ದಿನ ನಾನು ಬರಲಾ ಎಂದು ಕೇಳಿದೆ. "ನೀನು ಬಿ.ಕಾಂ. ಕನಾ" ಎಂದು ಅವನು ಸಾರಿಗೆ ಕೈ ಚಾಚಿದ. ಹಾಗೆ ಹೇಳುವಾಗ ಅವನಿಗೆ ಎಷ್ಟು ಖುಷಿ ಎಂದರೆ, ಅನ್ನ ಕಲಸುತ್ತಲೇ ಇನ್ನೊಂದು ಸಲ ಹೇಳಿದ.

ಈಗ ಆ ಸಂದಿಯಲ್ಲಿ ಅಂಗಡಿಯಿಲ್ಲ. ಅಪ್ಪ ಹೋದ ಮೇಲೆ ಮಿಷನ್ನನ್ನು ಆಂಧ್ರದ ಕಡೆಯವರು ಯಾರೋ ಒಯ್ದರು. ಅಲ್ಲೊಂದು ಫ್ಲ್ಯಾಟು ಎದ್ದಿದೆ, ಕೆಳಗೆ ಮೊಬೈಲ್ ರಿಪೇರಿ. ನಾನು ತಾಂಬರಂ ಕಡೆ ಹೋಗುವಾಗ ಟ್ರೈನಿನಲ್ಲಿ ಆ ಕಡೆಯ ಕಿಟಕಿಗೇ ಕೂರುತ್ತೇನೆ. ಕಾಣುವುದು ನೀರಿನ ಟ್ಯಾಂಕು ಮಾತ್ರ. ಆದರೂ ಕೂರುತ್ತೇನೆ. ಎದುರು ಸೈಟಿನ ಸದ್ದಿಗೆ ನಾನು ಕಿಟಕಿಗೆ ಓಡುವುದು ಅವರ ಹಲಗೆ ಸೊಟ್ಟ ಹೋಯಿತೆಂದಲ್ಲ. ಸೊಟ್ಟ ಹೋದ ಕೂಡಲೇ ಆಚೆಯಿಂದ ಒಂದು ದನಿ ಬರಬೇಕಿತ್ತಲ್ಲ, ಆ ದನಿಗೆ ಕಾಯುತ್ತೇನೆ. ಬರುವುದಿಲ್ಲ. ಅಷ್ಟರಲ್ಲಿ ಸಾರು ಸೀದಿರುತ್ತದೆ.

ಆಸೆ ಏನಾಯಿತು ಎಂದು ಕೇಳುತ್ತೀರಿ. ಹೇಳುತ್ತೇನೆ.

ನನ್ನ ಮದುವೆ ಗೊತ್ತಾಯಿತು. ಹಸೆಮಣೆ ಎರಡು ಬೇಕು, ಹೆಣ್ಣಿಗೊಂದು ಗಂಡಿಗೊಂದು. ನಮ್ಮ ಮನೆತನದಲ್ಲಿ ಎರಡೂ ಮಣೆ ಒಂದೇ ಹಲಗೆಯವಾಗಿರಬೇಕು. ದಪ್ಪ ಹಲಗೆಯನ್ನು ನಿಲ್ಲಿಸಿ ಅದರ ದಪ್ಪದ ನಡುವೆಯೇ ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಬಿಚ್ಚಿದರೆ ಎರಡು ಮಣೆಯ ಮೇಲೂ ಮರದ ಅದೇ ಗೆರೆ, ಅದೇ ಸುಳಿ, ಎದುರುಬದುರಾಗಿ ಬರುತ್ತದೆ. ಊರಲ್ಲಿ ನಮ್ಮ ಹಿತ್ತಲಿನ ಹಲಸಿನ ಹಲಗೆಯೇ ಆಗಬೇಕೆಂದು ಅಪ್ಪ ಹೇಳಿ ಕಳಿಸಿದ್ದ. ಅದು ಬಸ್ಸಿನ ತಲೆಯ ಮೇಲೆ ಕೂತುಕೊಂಡು ಕೋಯಂಬೇಡು ಬಸ್‌ಸ್ಟ್ಯಾಂಡಿಗೆ ಬಂದಿಳಿಯಿತು. ಇಷ್ಟು ಒಳ್ಳೆಯ ಪ್ಯಾಸೆಂಜರು ಈಚೆಗೆ ಸಿಕ್ಕಿರಲಿಲ್ಲ, ದಾರಿಯಲ್ಲಿ ಒಂದು ಸಲವೂ ಬಸ್ಸು ನಿಲ್ಲಿಸು ಅನ್ನಲಿಲ್ಲ ಎಂದು ಕಂಡಕ್ಟರು ಹೊಗಳಿದನಂತೆ.

ಹಲಗೆ ಬಂತು, ಸೆಲ್ವಂ ಇಲ್ಲ. ತಂಗಿಯ ಮನೆಯಲ್ಲಿ ವಿಶೇಷವೆಂದು ತಿರುವಣ್ಣಾಮಲೈ ಕಡೆ ಹೋಗಿದ್ದವನು ಹೇಳಿದ ದಿನಕ್ಕೆ ಬರಲಿಲ್ಲ. ಮದುವೆ ಹತ್ತಿರವಾಗಿತ್ತು. ಅದೊಂದು ಭಾನುವಾರ ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದ, ವಾಪಸು ಬಂದ, ನೀರು ಕುಡಿದ, ಗೋಡೆ ನೋಡಿಕೊಂಡು ಮಾತಾಡಿದ.

"ಒಂದ್ ಗಳಿಗ ಎದುರ್ಗ ನಿಲ್ಲಕ ಯಾರಾರ ಇದ್ದಿದ್ರ ಆಗಾದು."

"ನಾನಾರ ಬಿ.ಕಾಂ. ಅಲ್ಲ. ನಡಿ, ನಾ ಬತ್ತೀನಿ" ಎಂದಳು ಅವ್ವ.

ಅವ್ವನಿಗೆ ಆಗ ಮಂಡಿ ನೋವು, ಅಡುಗೆಮನೆಯಿಂದ ಬಾಗಿಲಿಗೆ ಬರುವುದೇ ಕಷ್ಟ. ನಾನು ಎದ್ದು ನಿಂತೆ.

"ನಾ ಬತ್ತೀನಿ ಅಪ್ಪ. ಎದುರ್ಗಲ್ಲ. ಮುಂದ ನಿಂತ್ಕತೀನಿ."

ಅಪ್ಪ ಆಗಲೂ ಗೋಡೆಯನ್ನೇ ನೋಡುತ್ತಿದ್ದ. ಮದುವೆ ಹೆಣ್ಣು ಕಬ್ಬಿಣ ಮುಟ್ಟಬಾರದು ಎಂದ. ಇನ್ನೂ ಅರಿಶಿನ ಹಚ್ಚಿಲ್ಲವಲ್ಲ, ಈಗ ಮುಟ್ಟಿದರೆ ಏನು ಎಂದಳು ಅವ್ವ. ಬೀದಿಯವರು ನೋಡಿದರೆ ಎಂದ. ನೋಡಲಿ, ಬೋರ್ಡಲ್ಲಿ ಇವಳ ಹೆಸರೇ ಇದೆ, ಓನರು ಅಂದುಕೊಳ್ಳುತ್ತಾರೆ ಎಂದಳು ಅವ್ವ. ಆಮೇಲೆ ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಬಾಗಿಲಲ್ಲಿ ನಿಂತು, ನನ್ನನ್ನು ನೋಡದೆ, ಸೆರಗು ಬಿಗಿಯಾಗಿ ಸಿಕ್ಕಿಸಿಕೋ ಎಂದ.

ಹೊಸ ಬ್ಲೇಡು ಹಾಕಿದ್ದ. ಅದರ ಕಡೆ ಯಾವುದೆಂದು ನಾನೇ ಕೇಳಿದೆ, ಗುಜರಿ ಹಲಗೆಯನ್ನು ನಾನೇ ಬರಿಗೈಯಲ್ಲಿ ಅರ್ಧದವರೆಗೆ ಕೊಯ್ದೆ. ಸೀಮೆಸುಣ್ಣದ ಗೆರೆ ಈ ಸಲ ಅಪ್ಪ ಹಾಕಿದ. ಬಲಕ್ಕೆ ಒಂದು ಕೂದಲಿನಷ್ಟು ವಾಲು. ಪಟ್ಟಿ ಬಿಗಿದು, ಊರಿನ ಹಲಗೆಯನ್ನು ನಿಲ್ಲಿಸಿ, ಅದರ ಅಂಚಿನ ನಡುವೆ ಎಳೆದಿದ್ದ ಗೆರೆಯನ್ನು ಬ್ಲೇಡಿನ ಬಾಯಿಗೆ ಹಿಡಿದೆ. ಅಪ್ಪ ಆಚೆ ಹೋಗಿ ನಿಂತ. ಅಷ್ಟು ವರ್ಷ ನಾನು ನಿಂತಿದ್ದ ಜಾಗದಲ್ಲಿ ಅವನನ್ನು ನೋಡಿದ್ದು ಅದೇ ಮೊದಲು. ಈ ಕಡೆಯಿಂದ ಅವನು ಸ್ವಲ್ಪ ಕುಳ್ಳಗೆ ಕಂಡ.

"ತಿನ್ಸು, ತುರುಕ್ಬ್ಯಾಡ" ಎಂದ.

ಕೊಯ್ಯಲು ಶುರು ಮಾಡಿದೆ. ಅದು ಹೇಗಿತ್ತು ಎಂದು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಹೇಳಲು ಬರುವುದಿಲ್ಲ. ಅಂಗೈಗೆ ಹಲಗೆಯ ಒಳಗಿನ ನಡುಕ ಬರುತ್ತದೆ. ಬ್ಲೇಡು ಎಷ್ಟು ತಿನ್ನುತ್ತಿದೆಯೋ ಅಷ್ಟೇ ಕೊಡಬೇಕು, ಎಷ್ಟು ಎಂಬುದನ್ನು ಅದೇ ಅಂಗೈಗೆ ಹೇಳುತ್ತದೆ. ಹಳದಿ ಹೊಟ್ಟು ಮುಂಗೈಗೆ, ಬಳೆಗೆ, ಹುಬ್ಬಿಗೆ ಕೂರುತ್ತಿತ್ತು. ಸದ್ದು ಒಂದೇ ಮಟ್ಟ. ಆಚೆ ಅಪ್ಪನ ಎರಡು ಕೈ ಹಲಗೆಯ ಕೆಳಗೆ, ಮಗು ಈಸಿಕೊಳ್ಳುವ ಹಾಗೆ. ಅವನು ಎಳೆಯುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಇಬ್ಬರೂ ಗೆರೆಯನ್ನೇ ನೋಡುತ್ತಿದ್ದೆವು. ಅದು ಮುಗಿಯದೇ ಇರಲಿ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಇವತ್ತಿಗೂ ನಿಂತಿಲ್ಲ.

ಕೊನೆಯ ಗೇಣು ಉಳಿಯಿತು. ಅಲ್ಲಿಂದ ಕೈ ಬ್ಲೇಡಿಗೆ ಹತ್ತಿರ ಬರುವುದರಿಂದ ಒಂದು ಕಟ್ಟಿಗೆ ತುಂಡಿನಿಂದ ತಳ್ಳಬೇಕು. ತುಂಡು ನನ್ನ ಕೈಯಲ್ಲೇ ಇತ್ತು, ಹಲಗೆಗೆ ತಾಗಿಸಿಯೂ ಇದ್ದೆ. ಕೈ ಸರಿಯಾದ ದೂರದಲ್ಲೇ ಇತ್ತು. ಆಗ ಸದ್ದು ದಪ್ಪಗಾಯಿತು. ಹಲಗೆ ನನ್ನ ಕೈ ಬಿಟ್ಟು ಮುಂದಕ್ಕೆ ಓಡಿತು. ತಲೆ ಎತ್ತಿ ನೋಡಿದರೆ ಅಪ್ಪ ಎರಡು ಹೆಜ್ಜೆ ಹಿಂದೆ ನಿಂತಿದ್ದ, ಎರಡೂ ಹೋಳುಗಳನ್ನು ಎದೆಗೆ ಅವುಚಿಕೊಂಡು. ಎಳೆದಿದ್ದ.

ಮಿಷನ್ನು ನಿಲ್ಲಿಸಿದೆ. ಹೋಳುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಬಿಚ್ಚಿಟ್ಟೆವು. ನೀರಿನಲ್ಲಿ ಕಂಡ ಹಾಗೆ ಒಂದರ ಸುಳಿ ಇನ್ನೊಂದರಲ್ಲಿತ್ತು. ಉದ್ದಕ್ಕೂ ನೇರ. ಕೊನೆಯ ಗೇಣಿನಲ್ಲಿ ಮಾತ್ರ ಒಂದು ಹೋಳು ತುಸು ತಗ್ಗು, ಇನ್ನೊಂದು ತುಸು ಉಬ್ಬು. ಅಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿ, "ವೋಲ್ಟೇಜು ಬಿದ್ದೋಯ್ತು" ಎಂದ. ತಲೆಯ ಮೇಲಿನ ಬಲ್ಬು ಮೊದಲಿನಂತೆಯೇ ಉರಿಯುತ್ತಿತ್ತು. ಅವನು ನನ್ನ ಹತ್ತು ಬೆರಳನ್ನೂ ಒಂದು ಸಲ ನೋಡಿದ, ಬೇರೆ ಕಡೆ ತಿರುಗಿದ.

ಉಜ್ಜುಗೊರಡು ಹಾಕಿಸಿ ಸಮ ಮಾಡಿಸುತ್ತೇನೆ ಎಂದ. ನಾನು ಬೇಡ ಎಂದೆ. ಅಪ್ಪ ಸೊಟ್ಟ ಕೊಟ್ಟು ಕಳಿಸಿದ ಎನ್ನುತ್ತಾರೆ ಎಂದ. ಬೇಡ ಎಂದೆ. ನನ್ನ ಮಾತು ನಡೆಯಿತು, ಸಿಬಿರು ಏಳದ ಹಾಗೆ ಬರೀ ಉಪ್ಪುಕಾಗದ ತಿಕ್ಕಿದರು.

ಮದುವೆಯ ದಿನ ಚಪ್ಪರದಲ್ಲಿ ಮಣೆಗಳನ್ನು ತಂದಿಟ್ಟರು. ಬಂದ ನೆಂಟರಿಗೆಲ್ಲ ಅಪ್ಪ ಬೆಳಗಿನಿಂದ ನನ್ನ ಡಿಗ್ರಿ, ನನ್ನ ಆಫೀಸು, ನನ್ನ ಫ್ಯಾನಿನ ಕೆಳಗಿನ ಕುರ್ಚಿ ಎಲ್ಲ ಹೇಳಿ ಮುಗಿಸಿದ್ದ. ನಮ್ಮ ಯಜಮಾನರ ಸೋದರಮಾವ ಯಾವುದನ್ನೂ ಮುಟ್ಟಿ ನೋಡದೆ ಒಪ್ಪುವವರಲ್ಲ, ಚಪ್ಪರದ ಕಂಬವನ್ನೂ ಅಲ್ಲಾಡಿಸಿ ನೋಡಿದ್ದರು. ಅವರು ಬಗ್ಗಿ ನನ್ನ ಮಣೆಯ ಮೇಲೆ ಅಂಗೈ ಆಡಿಸಿದರು. ಸುಳಿ ನೋಡಿ ತಲೆದೂಗಿದರು. ತುದಿಗೆ ಬಂದು ಕೈ ನಿಂತಿತು.

"ಏನ್ರೀ ಬೀಗರ, ಎಲ್ಲಾ ಛಲೋ ಐತಿ. ಕಡೀಕ ಒಂಚೂರು ತಗ್ಗು ಬಿದ್ದೈತಲ್ಲ?"

ವೋಲ್ಟೇಜು ಎನ್ನುತ್ತಾನೆ ಎಂದು ನಾನು ಕಾದೆ. ಅವ್ವನೂ ಕಾದಳು, ಅವಳ ತುಟಿಯ ಮೂಲೆಯಲ್ಲಿ ನಗು ತಯಾರಾಗಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಸುತ್ತ ಊರಿನವರಿದ್ದರು, ಅಂಗಡಿಯ ಬೀದಿಯವರಿದ್ದರು, ನನ್ನ ಆಫೀಸಿನವರೂ ಇದ್ದರು.

"ಆ ಕೊನ ಗೇಣು ನಂದು ಬೀಗ್ರೇ. ನಾನು ಎಳದ್ಬುಟ್ಟಿ. ಮಿಕ್ಕದ್ದೆಲ್ಲ ನನ್ ಮಗಳು ಕುಯ್ದಿರಾದು."

ಅವ್ವ ನಗಲಿಲ್ಲ. ಮಾವ ಇನ್ನೊಂದು ಸಲ ಬಗ್ಗಿ, ಮಣೆಯನ್ನು ಈ ತುದಿಯಿಂದ ಆ ತುದಿಯವರೆಗೆ ಮುಟ್ಟಿ ನೋಡಿ ಪಕ್ಕಕ್ಕೆ ಸರಿದರು. ನಾನು ಕೂತೆ. ಎಡಗೈಯನ್ನು ಆ ತಗ್ಗಿನಲ್ಲಿ ಊರಿಕೊಂಡೆ, ಅಕ್ಷತೆ ಬೀಳುವ ತನಕ ತೆಗೆಯಲಿಲ್ಲ.